ಕಂಪ್ಯೂಟರ್ ಹೇಳಿತು ಅಂದರೆ ಯಾರು ಹೇಳಿದರು?

2024ರ ನವೆಂಬರ್ ಆಸುಪಾಸಿನ ಮಾತು. ಶಾಲೆ ಬಿಟ್ಟು ಮನೆಗೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಒಬ್ಬಾಕೆ ಕೂತಿದ್ದಳು. ಕೆಂಚನಗುಡ್ಡದವಳು. ಅವಳ ಮಗ ನನ್ನ ಕೈಯಲ್ಲಿ ಓದಿದವನು, ಈಗ ಮೊಮ್ಮಗಳು ಓದುತ್ತಿದ್ದಾಳೆ. ತುಂಗಭದ್ರೆಯ ದಂಡೆಯ ಗದ್ದೆಗಳಲ್ಲಿ ನಾಟಿಗೆ, ಕಳೆಗೆ, ಕೊಯ್ಲಿಗೆ ಹೋಗಿ ಬದುಕು ಸವೆಸಿದ ಹೆಂಗಸು. ನಾಡಿಗೆಲ್ಲ ಅಕ್ಕಿ ಕಳಿಸುವ ಸಿರುಗುಪ್ಪ ಸೀಮೆಯಲ್ಲಿದ್ದುಕೊಂಡು, ತನ್ನ ಮನೆಯ ಅನ್ನಕ್ಕೆ ಮಾತ್ರ ನ್ಯಾಯಬೆಲೆ ಅಂಗಡಿಯ ಕಡೆ ಮುಖ ಮಾಡಬೇಕಾದ ಸಾವಿರಾರು ಜನರಲ್ಲಿ ಒಬ್ಬಳು.

"ಟೀಚರಮ್ಮಾ, ನಮ್ ಕಾರ್ಡು ಹೋಗ್ಯಾದಂತ," ಅಂದಳು.

"ಎಲ್ಲಿ ಹೋಯ್ತವ್ವಾ? ಕಳಕೊಂಡ್ಯಾ?"

"ಕಾರ್ಡು ಕೈಯಾಗ ಐತ್ರಿ. ಕಂಪ್ಯೂಟರ್‌ನಾಗ ಹೋಗ್ಯಾದಂತ."

ಸೆರಗಿನ ಗಂಟಿನಿಂದ ಕಾರ್ಡು ತೆಗೆದು ತೋರಿಸಿದಳು. ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದಳು. ಕಾರ್ಡಿನ ಮೇಲೆ ಅವಳ ಫೋಟೋ ಇತ್ತು, ಹೆಸರಿತ್ತು. ಆದರೆ ಆ ತಿಂಗಳು ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು, "ನಿಮ್ಮದು ಎಪಿಎಲ್ ಆಗಿದೆ, ಅಕ್ಕಿ ಬರೋದಿಲ್ಲ" ಎಂದು ಕಳಿಸಿದ್ದನಂತೆ.

ಶನಿವಾರ ಮಧ್ಯಾಹ್ನ ಅವಳ ಜೊತೆ ಒಂದು ಕಛೇರಿಗೆ ಹೋದೆ. ಯಾವ ಕಛೇರಿ ಎಂದು ಹೆಸರು ಹೇಳಿ ಯಾರನ್ನೋ ಹಳಿಯುವುದು ನನಗೆ ಬೇಕಿಲ್ಲ. ಕೌಂಟರಿನಲ್ಲಿದ್ದ ಹುಡುಗ ಒರಟನೇನೂ ಅಲ್ಲ, ನನಗೆ ಕುರ್ಚಿ ಹಾಕಿಸಿದ. ನಂಬರು ಒತ್ತಿ ನೋಡಿ ಹೇಳಿದ, "ಮೇಡಂ, ಇವರ ಮನೆಯವರು ಇನ್‌ಕಮ್ ಟ್ಯಾಕ್ಸ್ ಕಟ್ತಾರಂತ ತೋರಸ್ತೈತ್ರಿ."

ನನಗೆ ನಗು ಬಂತು. ಆಕೆಗೆ ಬರಲಿಲ್ಲ. "ಕಾರ್ಡು ತೆಗೆದವರು ಯಾರು?" ಎಂದು ಕೇಳಿದೆ.

"ಯಾರೂ ತೆಗೆದಿಲ್ರೀ. ಆಟೋಮ್ಯಾಟಿಕ್."

"ಆದೇಶದ ಒಂದು ಪ್ರತಿ ಕೊಡಪ್ಪಾ."

"ಆದೇಶ ಅಂತ ಏನೂ ಇರಂಗಿಲ್ರೀ. ಸಿಸ್ಟಂ ತಾನೇ ಮಾಡ್ತೈತಿ."

ಯಾರೂ ತೆಗೆದಿಲ್ಲ! ಐದು ಜನರ ಮನೆಯ ಅಕ್ಕಿ ನಿಂತಿದೆ, ನಿಲ್ಲಿಸಿದವರು ಮಾತ್ರ ಯಾರೂ ಇಲ್ಲ. ನನ್ನ ಜಗಳ ಕಂಪ್ಯೂಟರಿನ ಜೊತೆಗಲ್ಲ. ಈ "ಯಾರೂ ಇಲ್ಲ" ಎಂಬ ಮಾತಿನ ಜೊತೆಗೆ. ಮನುಷ್ಯ ಮಾಡಿದ ನಿಯಮವನ್ನು ಮನುಷ್ಯನೇ ಯಂತ್ರಕ್ಕೆ ತುಂಬಿಸಿ, ಆಮೇಲೆ ಕೈ ತೊಳೆದುಕೊಂಡು "ಯಂತ್ರ ಹೇಳಿತು" ಎನ್ನುವುದು ಆಡಳಿತವಲ್ಲ, ಆಡಳಿತದಿಂದ ತಪ್ಪಿಸಿಕೊಳ್ಳುವ ಉಪಾಯ. ಭತ್ತ ಕೊಯ್ಯುವ ಯಂತ್ರ ನಮ್ಮ ಗದ್ದೆಗೆ ಬಂದಾಗಲೂ ಈಕೆಯ ಕೂಲಿ ಹೋಯಿತು. ಆದರೆ ಆ ಯಂತ್ರ ಕಣ್ಣಿಗೆ ಕಾಣುತ್ತಿತ್ತು, ಅದನ್ನು ತಂದವನ ಹೆಸರು ಊರಿಗೆಲ್ಲ ಗೊತ್ತಿತ್ತು. ಈ ಯಂತ್ರಕ್ಕೆ ಮುಖವೂ ಇಲ್ಲ, ಒಡೆಯನೂ ಇಲ್ಲ.

ಆದದ್ದೇನು ಎಂದು ಬಿಡಿಸಿ ನೋಡಲು ನನಗೆ ಎರಡು ವಾರ ಹಿಡಿಯಿತು. ಮಗ ಒಂದು ಗೂಡ್ಸ್ ಆಟೋಕ್ಕೆ ಸಾಲ ಮಾಡಿದ್ದ. ಸಾಲ ಬೇಗ ಸಿಗಲೆಂದು ಯಾರೋ ಅವನ ಹೆಸರಿನಲ್ಲಿ ಆದಾಯ ತೆರಿಗೆಯ ರಿಟರ್ನ್ಸ್ ಸಲ್ಲಿಸಿದ್ದರು. ಅದರಲ್ಲಿ ಕಟ್ಟಬೇಕಾದ ತೆರಿಗೆ ಸೊನ್ನೆ. ರಿಟರ್ನ್ಸ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. "ನನಗೆ ತೆರಿಗೆ ಕಟ್ಟುವಷ್ಟು ಆದಾಯವಿಲ್ಲ" ಎಂದು ಹೇಳುವ ಕಾಗದವೂ ರಿಟರ್ನ್ಸೇ. ಆದರೆ ಒಂದು ಇಲಾಖೆಯ ಪಟ್ಟಿಯನ್ನು ಇನ್ನೊಂದು ಇಲಾಖೆಯ ಪಟ್ಟಿಯ ಜೊತೆ ತಾಳೆ ನೋಡಿದ ಯಂತ್ರಕ್ಕೆ ಕಂಡದ್ದು ಒಂದು ಹೆಸರು, ಒಂದು ನಂಬರು. ಮಗ ತೆರಿಗೆದಾರನಾದ, ತಾಯಿ ಶ್ರೀಮಂತಳಾದಳು, ಮೊಮ್ಮಗಳ ತಟ್ಟೆ ಬರಿದಾಯಿತು. ನಡುವೆ ಒಬ್ಬ ಮನುಷ್ಯ ಕೂತು ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು.

ಈ ಕಷ್ಟ ಅವಳೊಬ್ಬಳದೇ ಆಗಿರಲಿಲ್ಲ. ಆ ನವೆಂಬರಿನಲ್ಲಿ ರಾಜ್ಯದ ತುಂಬ ಬಿಪಿಎಲ್ ಕಾರ್ಡುಗಳು ರದ್ದಾದ, ಎಪಿಎಲ್ ಆದ ಗದ್ದಲ ಎದ್ದಿತು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಸರಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ರದ್ದು ಮಾಡಕೂಡದೆಂದು ಸೂಚನೆ ಕೊಡಬೇಕಾಯಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯಲ್ಲಿಯೂ ಇದೇ ಕಥೆ. ಆದಾಯ ತೆರಿಗೆ, ಜಿಎಸ್‌ಟಿ ಎಂದರೇನೆಂದೇ ತಿಳಿಯದ ಹೆಂಗಸರು "ನೀವು ತೆರಿಗೆದಾರರು" ಎಂಬ ಉತ್ತರ ಕೇಳಿ ತಬ್ಬಿಬ್ಬಾದದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯನ್ನು ಕೇಳಿ ನೋಡಿ. ಅವಳ ಓಣಿಯಲ್ಲಿಯೂ ಇಂಥ ಒಂದು ಮನೆ ಇದ್ದೇ ಇರುತ್ತದೆ.

ಇದನ್ನು ಬರೆಯುವಾಗ ನಾನು ನನ್ನನ್ನೇ ಹೊರಗಿಟ್ಟುಕೊಳ್ಳಲಾರೆ. ಯಂತ್ರದ ಹೊಟ್ಟೆಗೆ ಹೋಗುವ ಅಂಕಿಅಂಶಗಳನ್ನು ಉಣಿಸುವವರಲ್ಲಿ ನಾವು ಮಾಸ್ತರು, ಟೀಚರುಗಳೂ ಇದ್ದೇವೆ. ಮಕ್ಕಳ ವಿವರವನ್ನೆಲ್ಲ ಸ್ಯಾಟ್ಸ್‌ಗೆ ಏರಿಸುವವರು ನಾವೇ. ಒಂದು ವರ್ಷ ಒಬ್ಬ ಹುಡುಗಿಯ ಹೆಸರನ್ನು ನಾನೇ ತಪ್ಪಾಗಿ ಒತ್ತಿದೆ. ನಮ್ಮ ಕಡೆ ಹುಲಿಗೆಮ್ಮ ಎಂಬ ಹೆಸರು ಮನೆಗೊಂದು. ಕನ್ನಡದಲ್ಲಿ ಅದನ್ನು ಬರೆಯುವ ದಾರಿ ಒಂದೇ. ಇಂಗ್ಲಿಷಿನಲ್ಲಿ ಬರೆಯಹೊರಟರೆ 'ಎಂ' ಒಂದೋ ಎರಡೋ, ಕೊನೆಗೆ 'ಎ' ಒಂದೋ ಎರಡೋ, 'ಐ'ನೋ 'ಇ'ನೋ ಎಂಬ ಜಂಜಾಟ. ಆಧಾರ್‌ನಲ್ಲಿ ಒಂದು ಬಗೆ ಇತ್ತು, ನನ್ನ ಬೆರಳು ಇನ್ನೊಂದು ಬಗೆ ಒತ್ತಿತು. ಅವಳ ವಿದ್ಯಾರ್ಥಿವೇತನ ನಿಂತುಹೋಯಿತು. ತಂದೆ ಬಂದು ಕೇಳಿದಾಗ ನಾನು ಏನು ಹೇಳಿದೆ ಗೊತ್ತೇ? "ಸಿಸ್ಟಂ ತಗೊಳ್ತಾ ಇಲ್ಲಪ್ಪಾ" ಎಂದೆ. ಆಮೇಲೆ ರಾತ್ರಿ ಕೂತು ಪಟ್ಟಿ ತಿರುವಿದಾಗ ತಪ್ಪು ನನ್ನದೇ ಎಂದು ಗೊತ್ತಾಯಿತು. ಆ ಹುಡುಗಿಗೆ ಹಣ ತಡವಾಗಿಯಾದರೂ ಬಂತು. ನನಗೆ ಬಂದದ್ದು ನಾಚಿಕೆ. "ಸಿಸ್ಟಂ" ಎಂಬ ಒಂದು ಮಾತಿನ ಹಿಂದೆ ಮೂವತ್ತು ವರ್ಷ ಪಾಠ ಹೇಳಿದವಳೂ ಎಷ್ಟು ಸಲೀಸಾಗಿ ಅಡಗಿ ಕೂರಬಹುದು ಎಂದು ಆ ದಿನ ತಿಳಿಯಿತು.

ಹಾಗಾದರೆ ಕಂಪ್ಯೂಟರೇ ಬೇಡವೇ, ಹಳೆಯ ಕಾಲವೇ ಚೆನ್ನಾಗಿತ್ತೇ ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಹಳೆಯ ಕಾಲವನ್ನು ನಾನು ಕಂಡಿದ್ದೇನೆ. ಒಂದು ಪಹಣಿಗೆ ರೈತ ಶಾನುಭೋಗರ ಮನೆಗೆ ಎಷ್ಟು ಸಲ ಅಲೆಯಬೇಕಿತ್ತು, ಎಷ್ಟು ಕೈಬಿಸಿ ಮಾಡಬೇಕಿತ್ತು ಎಂಬುದು ನಮ್ಮ ತಂದೆಯ ತಲೆಮಾರಿನವರಿಗೆ ಗೊತ್ತು. 2000ದ ಸುಮಾರಿಗೆ ಕರ್ನಾಟಕದಲ್ಲಿ 'ಭೂಮಿ' ಯೋಜನೆ ಬಂದು ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ, 15 ರೂಪಾಯಿ ಕೊಟ್ಟು ಯಾರ ಕಾಲೂ ಹಿಡಿಯದೆ ಪಹಣಿ ಪಡೆಯುವಂತಾಯಿತು. ಅದು ಒಳ್ಳೆಯ ಕೆಲಸ. ನಕಲಿ ರೇಷನ್ ಕಾರ್ಡುಗಳೂ ಇದ್ದದ್ದು ನಿಜ. ಕಾರಿನಲ್ಲಿ ಬಂದು ಅಕ್ಕಿ ಒಯ್ಯುವವರನ್ನು ನಾನೇ ನೋಡಿದ್ದೇನೆ. ಅವರನ್ನು ತೆಗೆಯಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ಆ ಭೂಮಿಯ ಕಂಪ್ಯೂಟರನ್ನೇ ಸ್ವಲ್ಪ ಗಮನಿಸಿ. ಅದು ಪಹಣಿಯನ್ನು ಅಚ್ಚು ಹಾಕಿ ಕೊಡುತ್ತದೆ. ಖಾತೆ ಬದಲಾಯಿಸಬೇಕೆಂದರೆ ಮೊದಲು ನೋಟೀಸು ಹೊರಡುತ್ತದೆ, ಆಕ್ಷೇಪಣೆ ಇದ್ದರೆ ಹೇಳಿ ಎಂದು ಸಂಬಂಧಪಟ್ಟವರಿಗೆ ಕಾಲಾವಕಾಶ ಇರುತ್ತದೆ. ತಕರಾರು ಬಂದರೆ ಅಧಿಕಾರಿ ವಿಚಾರಣೆ ಮಾಡುತ್ತಾನೆ. ಇದೇ ಸರಕಾರ, ಇದೇ ತಾಲೂಕು, ಇದೇ ಕಂಪ್ಯೂಟರು. ಎಕರೆ ಇದ್ದವನ ಹೆಸರು ಅಳಿಸುವ ಮುಂಚೆ ನೋಟೀಸು, ಕಾಲಾವಕಾಶ, ವಿಚಾರಣೆ. ಅಕ್ಕಿ ಇಲ್ಲದವಳ ಹೆಸರು ಅಳಿಸುವಾಗ ಮಾತ್ರ "ಆಟೋಮ್ಯಾಟಿಕ್". ಇದನ್ನು ಮಾಡಿದ್ದು ತಂತ್ರಜ್ಞಾನವೇ? ಅಲ್ಲ. ಯಾರ ಮಾತು ಕೇಳಬೇಕು, ಯಾರ ಮಾತು ಕೇಳದಿದ್ದರೂ ನಡೆಯುತ್ತದೆ ಎಂಬ ನಮ್ಮ ಹಳೆಯ ಲೆಕ್ಕಾಚಾರವೇ ಹೊಸ ಯಂತ್ರದೊಳಗೆ ಹೋಗಿ ಕೂತಿದೆ.

ನ್ಯಾಯಾಲಯಗಳು ಈ ಲೆಕ್ಕಾಚಾರವನ್ನು ಒಪ್ಪಿಲ್ಲ. ರಾಯಚೂರು ದಾಟಿದರೆ ಸಿಗುವ ತೆಲಂಗಾಣದಲ್ಲಿ ಸುಮಾರು 19 ಲಕ್ಷ ರೇಷನ್ ಕಾರ್ಡುಗಳು ರದ್ದಾದವು. ಬೇರೆ ಬೇರೆ ಇಲಾಖೆಗಳ ಪಟ್ಟಿಗಳನ್ನು ತಾಳೆ ಹಾಕಿ, ಯಾರಿಗೆ ಕಾರಿದೆ, ಯಾರಿಗೆ ಆಸ್ತಿಯಿದೆ ಎಂದು ಯಂತ್ರ ತೀರ್ಮಾನಿಸಿತು. ಹೆಸರು ಹೋಲುವ ಇನ್ಯಾರದೋ ಕಾರು ಬಡವರ ತಲೆಗೆ ಬಂದದ್ದೂ ಉಂಟು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಏಪ್ರಿಲಿನಲ್ಲಿ ಕೋರ್ಟು ಹೇಳಿದ್ದು ತೀರ ಸರಳವಾದ ಮಾತು. ರದ್ದು ಮಾಡಿದ ಕಾರ್ಡುಗಳನ್ನು ಮತ್ತೆ ಪರಿಶೀಲಿಸಿ, ಸ್ಥಳಕ್ಕೆ ಹೋಗಿ ನೋಡಿ ಎಂದಿತು. ಮನೆಯ ಬಾಗಿಲಿಗೆ ಹೋಗಿ ನೋಡುವುದು! ನಮ್ಮ ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ಸಮೀಕ್ಷೆಗೆ ಹೋಗುವ ಶಿಕ್ಷಕಿಗೆ ಹುಟ್ಟಾ ಗೊತ್ತಿರುವ ಕೆಲಸ. ಅದನ್ನು ಮೊದಲೇ ಮಾಡಲು ದೇಶದ ಅತಿ ದೊಡ್ಡ ನ್ಯಾಯಾಲಯ ಹೇಳಬೇಕಾಗಿತ್ತೇ?

ನಮ್ಮವರೇ ಒಬ್ಬರ ಹೆಸರನ್ನು ಇಲ್ಲಿ ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಅವರ ವಯಸ್ಸು ಎಂಬತ್ತೈದು ದಾಟಿತ್ತು. ಆ ವಯಸ್ಸಿನಲ್ಲಿ ಜನ ತೀರ್ಥಯಾತ್ರೆಗೆ ಹೋಗುತ್ತಾರೆ, ಇವರು ಕೋರ್ಟಿಗೆ ಹೋದರು. ಅವರ ಹೆಸರಿನ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಮರುವರ್ಷ, 2018ರ ಸೆಪ್ಟೆಂಬರ್ 26ರಂದು ಆಧಾರ್ ಕುರಿತ ತೀರ್ಪು ಬಂದಾಗ ಅವರಿಗೆ ಪೂರ್ತಿ ಗೆಲುವು ಸಿಗಲಿಲ್ಲ. ಸರಕಾರದ ಸಹಾಯಧನಗಳಿಗೆ ಆಧಾರ್ ಕೇಳಬಹುದು ಎಂದು ನಾಲ್ವರು ನ್ಯಾಯಮೂರ್ತಿಗಳು ಒಪ್ಪಿದರು. ಬ್ಯಾಂಕ್ ಖಾತೆಗೆ, ಮೊಬೈಲಿಗೆ, ಶಾಲೆಯ ಪ್ರವೇಶಕ್ಕೆ ಕಡ್ಡಾಯ ಮಾಡುವಂತಿಲ್ಲ ಎಂದರು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರು, ಮನುಷ್ಯನ ಘನತೆಯನ್ನು ಯಂತ್ರದ ಲೆಕ್ಕ ಮತ್ತು ಸಂಭವಗಳಿಗೆ ಒಪ್ಪಿಸಿ ಕೂರುವಂತಿಲ್ಲ ಎಂಬ ಅರ್ಥದ ಮಾತು ಬರೆದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅದರ ಮರುತಿಂಗಳೇ ಕಾರ್ಡು ಹಿಡಿದುಕೊಂಡು ಆಕೆ ನನ್ನ ಕಟ್ಟೆಯ ಮೇಲೆ ಬಂದು ಕೂತಳು.

ಇದು ಬಡ ದೇಶದ ಕಷ್ಟ, ಮುಂದುವರಿದ ದೇಶಗಳಲ್ಲಿ ಎಲ್ಲವೂ ಸರಿಯಾಗಿರುತ್ತದೆ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದಲ್ಲಿ 2016ರಿಂದೀಚೆಗೆ ಒಂದು ಯಂತ್ರ, ಸರಕಾರದ ನೆರವು ಪಡೆದ ಲಕ್ಷಾಂತರ ಜನರಿಗೆ "ನೀವು ಹೆಚ್ಚು ಹಣ ಪಡೆದಿದ್ದೀರಿ, ವಾಪಸು ಕಟ್ಟಿ" ಎಂದು ಕಾಗದ ಕಳಿಸಿತು. 'ರೋಬೋಡೆಟ್' ಎಂದೇ ಅದು ಕುಖ್ಯಾತವಾಯಿತು. ಯಂತ್ರ ಮಾಡಿದ್ದು ಇಷ್ಟೇ. ಒಬ್ಬರ ವರ್ಷದ ಆದಾಯವನ್ನು ತೆಗೆದುಕೊಂಡು 26 ಪಕ್ಷಗಳಿಗೆ ಸಮನಾಗಿ ಹಂಚಿತು. ಪ್ರತಿ ಹದಿನೈದು ದಿನಕ್ಕೂ ಅಷ್ಟು ದುಡಿದಿದ್ದೀರಲ್ಲ, ಹಾಗಾದರೆ ನೆರವು ಏಕೆ ಪಡೆದಿರಿ ಎಂದು ಕೇಳಿತು.

ಈ ಲೆಕ್ಕದ ತಪ್ಪನ್ನು ಹೇಳಲು ಗಣಿತದ ಪ್ರೊಫೆಸರು ಬೇಕಿಲ್ಲ, ಕೆಂಚನಗುಡ್ಡದ ಯಾವ ಕೂಲಿ ಹೆಂಗಸನ್ನಾದರೂ ಕೇಳಿ. ನಾಟಿಯ ಹದಿನೈದು ದಿನ ಕೈತುಂಬ ಕೂಲಿ. ಆಮೇಲೆ ಕಾಲುವೆಯ ನೀರು ನಿಂತರೆ ತಿಂಗಳುಗಟ್ಟಲೆ ಕೈ ಖಾಲಿ. ವರ್ಷದ ಮೊತ್ತವನ್ನು ಭಾಗಿಸಿ "ನೀನು ದಿನಾ ದುಡಿದೆ" ಎಂದರೆ ಅವಳು ನಕ್ಕಾಳು. 2019ರ ನವೆಂಬರಿನಲ್ಲಿ ಒಬ್ಬ ಮಹಿಳೆ ಹೂಡಿದ ದಾವೆಯಲ್ಲಿ, ಹೀಗೆ ಸಾಲ ಹೊರಿಸಿದ್ದು ಕಾನೂನುಬಾಹಿರ ಎಂದು ಅಲ್ಲಿನ ಸರಕಾರವೇ ಒಪ್ಪಬೇಕಾಯಿತು. ಹಣ ಹಿಂದಿರುಗಿಸಿದರು, ಸಾಲ ಮನ್ನಾ ಮಾಡಿದರು. 2023ರ ಜುಲೈನಲ್ಲಿ ವಿಚಾರಣಾ ಆಯೋಗ ವರದಿ ಕೊಟ್ಟು, ತಪ್ಪು ಎಂದು ಗೊತ್ತಿದ್ದವರೂ ಸುಮ್ಮನಿದ್ದುದನ್ನು ಬಯಲಿಗೆಳೆಯಿತು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಕೊಡುವ ಸಹಾಯಧನದಲ್ಲಿ ಸಾವಿರಾರು ತಂದೆತಾಯಂದಿರನ್ನು ಹೀಗೆಯೇ ಮೋಸಗಾರರೆಂದು ಗುರುತು ಹಾಕಿ ಸಾಲಗಾರರನ್ನಾಗಿ ಮಾಡಿದರು. ಅದು ಹೊರಬಿದ್ದಾಗ 2021ರ ಜನವರಿಯಲ್ಲಿ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ನಮ್ಮಲ್ಲಿ ಒಬ್ಬ ಗುಮಾಸ್ತನಾದರೂ "ನನ್ನ ತಪ್ಪು" ಎಂದಿದ್ದು ನಾನು ಕೇಳಿಲ್ಲ.

ಶಿಕ್ಷಕಿಯಾದ ನನಗೆ ಇನ್ನೂ ಹತ್ತಿರವಾದ ಎರಡು ಪ್ರಸಂಗಗಳಿವೆ. ಕೊರೋನಾ ಬಂದು ಪರೀಕ್ಷೆ ನಿಂತ 2020ರಲ್ಲಿ ಇಂಗ್ಲೆಂಡಿನ ಮಕ್ಕಳಿಗೆ ಒಂದು ಸೂತ್ರದ ಮೂಲಕ ಶ್ರೇಣಿ ಕೊಟ್ಟರು. ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವೂ ಆ ಸೂತ್ರದಲ್ಲಿ ಸೇರಿತ್ತು. ಶಿಕ್ಷಕರು ಅಂದಾಜು ಮಾಡಿದ್ದ ಶ್ರೇಣಿಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತನ್ನು ಯಂತ್ರ ಕೆಳಗಿಳಿಸಿತು. ಹಿಂದುಳಿದ ಶಾಲೆಯಲ್ಲಿ ಓದಿದ ಜಾಣ ಹುಡುಗಿಗೆ ಅವಳ ಶಾಲೆಯೇ ಶಾಪವಾಯಿತು. ಮಕ್ಕಳು ಬೀದಿಗಿಳಿದರು, ಕೋರ್ಟಿಗೆ ಹೋಗುವ ಮಾತೆದ್ದಿತು, ಆಗಸ್ಟ್ 17ರಂದು ಸರಕಾರ ಆ ಶ್ರೇಣಿಗಳನ್ನು ಕೈಬಿಟ್ಟಿತು. ಅಮೆರಿಕೆಯ ಹ್ಯೂಸ್ಟನ್ ನಗರದಲ್ಲಿ ಶಿಕ್ಷಕರ ಯೋಗ್ಯತೆಯನ್ನೇ ಒಂದು ಸೂತ್ರ ಅಳೆಯುತ್ತಿತ್ತು. ಅಂಕ ಕಡಿಮೆ ಬಂದರೆ ಕೆಲಸಕ್ಕೆ ಕುತ್ತು. ಹೇಗೆ ಅಳೆದಿರಿ ಎಂದರೆ, ಅದು ಕಂಪನಿಯ ಗುಟ್ಟು ಎಂದರು. ಶಿಕ್ಷಕರ ಸಂಘ ಕೋರ್ಟಿಗೆ ಹೋಯಿತು. ಲೆಕ್ಕ ಸರಿಯಿದೆಯೇ ಎಂದು ನೋಡಲು ಅವಕಾಶವೇ ಇಲ್ಲದೆ ಒಬ್ಬರ ಕೆಲಸ ತೆಗೆಯುವುದು ನ್ಯಾಯವೇ ಎಂಬ ಪ್ರಶ್ನೆ ವಿಚಾರಣೆಗೆ ಯೋಗ್ಯವಾದದ್ದು ಎಂದು ನ್ಯಾಯಾಧೀಶರು 2017ರಲ್ಲಿ ಹೇಳಿದರು. ಅದೇ ವರ್ಷ ರಾಜಿಯಾಗಿ, ಆ ಅಂಕಗಳ ಮೇಲೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಒಪ್ಪಂದವಾಯಿತು.

ಈ ಎಲ್ಲ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಆಶ್ಚರ್ಯವಾಗುವುದು ಒಂದೇ. ಯಂತ್ರ ಹೊಸದು, ಆದರೆ ಅದನ್ನು ಸೋಲಿಸಿದ ಮಾತು ಬಹಳ ಹಳೆಯದು. ಕೇಳದೆ ಶಿಕ್ಷಿಸಬೇಡ. ಕಾರಣ ಹೇಳು. ತಪ್ಪಾಗಿದ್ದರೆ ತಿದ್ದು. ಇದನ್ನೇ ವಕೀಲರು ಸಹಜ ನ್ಯಾಯ ಎನ್ನುತ್ತಾರೆ, ನಮ್ಮ ಊರ ಕಟ್ಟೆಯ ಪಂಚಾಯಿತಿಯಲ್ಲಿ ಹಿರಿಯರು "ಅವನ ಮಾತೂ ಕೇಳ್ರೆಪ್ಪ" ಎನ್ನುತ್ತಿದ್ದರು.

ನಾವು ಗಣಿತದ ಉತ್ತರಪತ್ರಿಕೆ ತಿದ್ದುವಾಗ, ಬರೀ ಉತ್ತರ ಬರೆದ ಹುಡುಗನಿಗೆ ಪೂರ್ತಿ ಅಂಕ ಕೊಡುವುದಿಲ್ಲ. "ಹಂತಗಳೆಲ್ಲಿ?" ಎಂದು ಕೇಳುತ್ತೇವೆ. ಹಂತಗಳಿದ್ದರೆ ತಪ್ಪು ಎಲ್ಲಿ ನುಸುಳಿತು ಎಂದು ತೋರಿಸಬಹುದು. ಇಲ್ಲದಿದ್ದರೆ ಪಕ್ಕದವನದ್ದು ನೋಡಿ ಬರೆದನೋ ಏನೋ! ಹತ್ತನೆಯ ತರಗತಿಯ ಹುಡುಗಿಗೆ ತನ್ನ ಅಂಕದ ಬಗ್ಗೆ ಸಂಶಯ ಬಂದರೆ ಉತ್ತರಪತ್ರಿಕೆಯ ಪ್ರತಿ ತರಿಸಬಹುದು, ಮರುಎಣಿಕೆ, ಮರುಮೌಲ್ಯಮಾಪನ ಕೇಳಬಹುದು. ಒಂದು ಅಂಕಕ್ಕೆ ಇಷ್ಟು ದಾರಿ ಕೊಟ್ಟ ನಾವು, ಒಂದು ಮನೆಯ ಅನ್ನಕ್ಕೆ ಒಂದೂ ದಾರಿ ಕೊಡದೆ "ತೋರಿಸ್ತಾ ಇಲ್ಲ" ಎಂದು ಕಳಿಸುತ್ತಿದ್ದೇವಲ್ಲ!

ಇನ್ನು ಆ ಮಾನದಂಡಗಳನ್ನಾದರೂ ನೋಡಿ. ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1 ಲಕ್ಷ 20 ಸಾವಿರ ರೂಪಾಯಿ ಮೀರಬಾರದು ಎಂಬ ನಿಯಮವಿದೆ. ಭಾಗಿಸಿ ನೋಡಿ. ಇಡೀ ಮನೆಗೆ ದಿನಕ್ಕೆ ಸುಮಾರು 329 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಗದ್ದೆಗೆ ಹೋದ ದಿನ ಈ ಗೆರೆ ದಾಟಿರುತ್ತದೆ. ಮನುಷ್ಯನಾದ ಅಧಿಕಾರಿ ಮನೆಯ ಮಾಡು, ಒಲೆ, ಮಕ್ಕಳ ಮುಖ ನೋಡಿ "ಇವರು ಬಡವರೇ" ಎಂದು ಬರೆದಾನು. ಯಂತ್ರಕ್ಕೆ ಮುಖ ಕಾಣುವುದಿಲ್ಲ. ನಿಯಮವೇ ಬಿಗಿಯಾಗಿದ್ದಾಗ, ಅದನ್ನು ಕರುಣೆಯಿಲ್ಲದೆ ಲಕ್ಷಾಂತರ ಮನೆಗಳ ಮೇಲೆ ಒಂದೇ ರಾತ್ರಿ ಹರಿಯಬಿಡುವ ಶಕ್ತಿ ಯಂತ್ರಕ್ಕಿದೆ. ಒಬ್ಬ ಗುಮಾಸ್ತ ತಪ್ಪು ಮಾಡಿದರೆ ಒಂದು ಊರು ಹಾಳು. ಯಂತ್ರ ತಪ್ಪು ಮಾಡಿದರೆ ಒಂದು ರಾಜ್ಯ.

ಹೆಂಗಸರಾದ ನಾವು ಇದನ್ನು ನಮ್ಮ ವಿಷಯವೆಂದೇ ತಿಳಿಯಬೇಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 13ನೆಯ ಕಲಮಿನ ಪ್ರಕಾರ, ರೇಷನ್ ಕಾರ್ಡಿನ ಮಟ್ಟಿಗೆ ಮನೆಯ ಯಜಮಾನಿ 18 ವರ್ಷ ತುಂಬಿದ ಹಿರಿಯ ಹೆಂಗಸು. ಕಾನೂನು ಅವಳನ್ನು ಯಜಮಾನಿ ಮಾಡಿತು, ಯಂತ್ರ ಅವಳನ್ನು ಅರ್ಜಿದಾರಳನ್ನಾಗಿ ಮಾಡಿತು. ಕಾರ್ಡು ರದ್ದಾದರೆ ಕೂಲಿ ಬಿಟ್ಟು ಅಲೆಯುವವಳು ಅವಳು. ಹುಲ್ಲು ಕಿತ್ತು, ಪಾತ್ರೆ ಉಜ್ಜಿ ಸವೆದ ಹೆಬ್ಬೆಟ್ಟನ್ನು ಯಂತ್ರ ಗುರುತಿಸದಿದ್ದರೆ ಸೀರೆಯಂಚಿಗೆ ಒರೆಸಿ ಒರೆಸಿ ಮತ್ತೆ ಒತ್ತುವವಳೂ ಅವಳೇ. ದುಡಿದದ್ದಕ್ಕೇ ಸವೆದ ಬೆರಳು, ದುಡಿದವಳನ್ನೇ ಗುರುತಿಸದ ಯಂತ್ರ.

ಹಾಗಾದರೆ ಆಳುವವರು ಈ ಪ್ರಕರಣಗಳಿಂದ ಏನು ಕಲಿಯಬೇಕು? ನಾನು ಕಾನೂನು ಓದಿದವಳಲ್ಲ, ಬಿ.ಎ., ಬಿ.ಎಡ್. ಆದರೂ ಪಾಠದ ಸಾರಾಂಶ ಬರೆಯುವುದು ನನ್ನ ಕಸುಬು. ಮೊದಲನೆಯದು, ಯಂತ್ರ ಸಂಶಯ ಪಡಲಿ, ತೀರ್ಪು ಕೊಡುವುದು ಬೇಡ. ಅದು "ಇದನ್ನು ನೋಡಿ" ಎಂದು ಹೇಳಬಹುದು, "ಇದನ್ನು ತೆಗೆದೆ" ಎನ್ನಬಾರದು. ಎರಡನೆಯದು, ತೆಗೆಯುವ ಮುಂಚೆ ಕನ್ನಡದಲ್ಲಿ ನೋಟೀಸು ಕೊಡಬೇಕು, ಯಾವ ಪಟ್ಟಿಯ ಯಾವ ಸಾಲಿನ ಆಧಾರದಲ್ಲಿ ಎಂದು ಅದರಲ್ಲಿ ಬರೆದಿರಬೇಕು, ಓದಲು ಬಾರದವರಿಗೆ ಯಾರಾದರೂ ಓದಿ ಹೇಳಬೇಕು. ಮೂರನೆಯದು, ವಿಚಾರಣೆ ಮುಗಿಯುವ ತನಕ ಅಕ್ಕಿ ನಿಲ್ಲಕೂಡದು. ಸಂಶಯದ ಲಾಭ ಕೊಲೆ ಆರೋಪಿಗೂ ಸಿಗುವ ದೇಶ ಇದು, ಹಸಿದವಳಿಗೆ ಏಕೆ ಸಿಗಬಾರದು? ನಾಲ್ಕನೆಯದು, ಆದೇಶದ ಕೆಳಗೆ ಒಬ್ಬ ಅಧಿಕಾರಿಯ ಹೆಸರು ಮತ್ತು ಸಹಿ ಇರಬೇಕು. ಐದನೆಯದು, ತಪ್ಪಾಗಿ ನಿಲ್ಲಿಸಿದ್ದಾದರೆ ನಿಂತ ತಿಂಗಳುಗಳ ಬಾಕಿ ಕೊಡಬೇಕು. ಸಿಗಬೇಕಾದ ಧಾನ್ಯ ಸಿಗದಿದ್ದರೆ ಆಹಾರ ಭದ್ರತಾ ಭತ್ಯೆ ಕೊಡಬೇಕೆಂದು ಅದೇ 2013ರ ಕಾಯಿದೆಯ 8ನೆಯ ಕಲಮು ಹೇಳುತ್ತದೆ.

ಯುರೋಪಿನಲ್ಲಿ 2018ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕಾನೂನು, ಬರೀ ಯಂತ್ರವೇ ತೆಗೆದುಕೊಂಡ ದೊಡ್ಡ ತೀರ್ಮಾನಕ್ಕೆ ಒಳಗಾಗದಿರುವ ಹಕ್ಕನ್ನು ಅಲ್ಲಿನ ಜನರಿಗೆ ಕೊಟ್ಟಿದೆ. ನಮ್ಮ ಸಂಸತ್ತು 2023ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಅಂಥ ಹಕ್ಕು ಇಲ್ಲ. ಅದು ಮರೆತು ಬಿಟ್ಟದ್ದೋ, ಬೇಕೆಂದು ಬಿಟ್ಟದ್ದೋ, ನೀವೇ ಯೋಚಿಸಿ.

ಕೋರ್ಟು ಕಛೇರಿ ಬಡವರಿಗೆ ಎಟುಕುವುದೇ ಎಂದು ನಿಟ್ಟುಸಿರು ಬಿಡಬೇಡಿ. ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಬಿಸಿಯೂಟದ ಗಂಟೆ ಹೊಡೆದಾಗಲೆಲ್ಲ ನನಗೆ ಒಂದು ದಾವೆ ನೆನಪಾಗುತ್ತದೆ. 2001ರಲ್ಲಿ ಆಹಾರದ ಹಕ್ಕಿಗಾಗಿ ಸುಪ್ರೀಂ ಕೋರ್ಟಿಗೆ ಹೋದವರಿದ್ದರು. ಆ ವರ್ಷದ ನವೆಂಬರ್ 28ರಂದು ಸರಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಕೋರ್ಟು ಆಜ್ಞೆ ಮಾಡಿತು. ಮುಂದೆ ಬಳ್ಳಾರಿ ಸೇರಿದಂತೆ ಈಶಾನ್ಯದ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಮೊದಲು ಶುರುವಾಯಿತು. ದಿಲ್ಲಿಯ ಒಂದು ಆಜ್ಞೆ ತುಂಗಭದ್ರೆಯ ದಂಡೆಯ ತಟ್ಟೆಗೆ ಅನ್ನವಾಗಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು ನಮ್ಮಲ್ಲಿ ಬಹಳ ಹೆಂಗಸರಿಗೆ ಗೊತ್ತಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ, ಹೆಣ್ಣು ಎಂಬ ಒಂದೇ ಕಾರಣಕ್ಕೆ ನಮಗೆ ಉಚಿತ ಕಾನೂನು ನೆರವು ಸಿಗುತ್ತದೆ, ಆದಾಯ ಎಷ್ಟೇ ಇರಲಿ. ತಾಲೂಕು ಕೋರ್ಟಿನ ಆವರಣದಲ್ಲಿಯೇ ಕಾನೂನು ಸೇವಾ ಸಮಿತಿ ಇರುತ್ತದೆ. 15100ಕ್ಕೆ ಫೋನು ಮಾಡಿದರೂ ಆದೀತು. ಪಟ್ಟಣದಲ್ಲಿರುವ, ಓದು ಬರಹ ಬಲ್ಲ ನಾವು ಮಾಡಬಹುದಾದದ್ದು ಇಷ್ಟೇ. "ಕಂಪ್ಯೂಟರ್ ಹೇಳ್ತಿದೆ" ಎಂಬ ಮಾತು ಕೇಳಿದ ಕೂಡಲೇ ತಲೆಯಾಡಿಸಿ ಎದ್ದು ಬರದಿರುವುದು. "ಬರೆದು ಕೊಡಿ" ಎನ್ನುವುದು. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕುವುದು. ನಮ್ಮ ಮನೆಗೆಲಸದವಳ ಜೊತೆ ಒಂದು ಮಧ್ಯಾಹ್ನ ಕಛೇರಿಗೆ ಹೋಗಿ ಪಕ್ಕದಲ್ಲಿ ನಿಲ್ಲುವುದು. ಅವಳಿಗೆ ಸಿಗದ ಕುರ್ಚಿ ನನಗೆ ಸಿಕ್ಕಿತಲ್ಲ, ಆ ಕುರ್ಚಿಯ ಋಣ ತೀರಿಸುವ ದಾರಿ ಅದು.

ಆಕೆಯ ಕಾರ್ಡು ಕೊನೆಗೂ ಸರಿಯಾಯಿತು. ತೆರಿಗೆ ಸೊನ್ನೆ ಎಂಬ ಕಾಗದ ಸೇರಿಸಿ, ಮೂರು ಅರ್ಜಿ ಕೊಟ್ಟು, ನಾಲ್ಕನೆಯ ತಿಂಗಳು. ಯಾವ ತಪ್ಪಿಗೆ ನಿಂತಿತ್ತು ಎಂದು ಯಾರೂ ಹೇಳಲಿಲ್ಲ, ಯಾವ ಸರಿಗೆ ಬಂತು ಎಂದೂ ಹೇಳಲಿಲ್ಲ. ನಿಂತುಹೋದ ತಿಂಗಳುಗಳ ಅಕ್ಕಿ ಬರಲಿಲ್ಲ. ಮೊದಲ ಸಲ ಅಕ್ಕಿ ತಂದ ದಿನ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತಳು.

"ಬಂತಲ್ಲವ್ವಾ, ಇನ್ನೇನು?" ಎಂದೆ.

"ಬಂತ್ರಿ. ಆದ್ರ ಟೀಚರಮ್ಮಾ, ಇನ್ನೊಮ್ಮೆ ತೆಗೀತೀನಿ ಅಂದ್ರ ನಾನು ಯಾರನ್ನ ಹೋಗಿ ಕೇಳ್ಲಿ?"

ಅವಳಿಗೆ ಕೊಡಲು ನನ್ನ ಹತ್ತಿರ ಒಂದು ಹೆಸರು ಇರಲಿಲ್ಲ. ಸರಕಾರ ಕೊಡಬೇಕಾದದ್ದು ಆ ಹೆಸರನ್ನು.